ದೂರಿನ ಪತ್ರಕ್ಕೆ ಯಾವ ಇಂಗ್ಲಿಷ್ ಪದ?

ಔಷಧಿ ಕಂಪನಿಗೋ ವಿಮಾ ಕಚೇರಿಗೋ ಇಂಗ್ಲಿಷಿನಲ್ಲಿ ದೂರು ಬರೆಯಲು ಕುಳಿತವರು ನಿಘಂಟು ತೆರೆದರೆ ಬ್ಲೇಮ್, ಅಕ್ಯೂಸ್, ಚಾರ್ಜ್, ಸೆನ್ಷರ್ ಎಲ್ಲಕ್ಕೂ ಹೆಚ್ಚುಕಡಿಮೆ ದೂಷಿಸು, ಆರೋಪಿಸು ಎಂಬ ಅರ್ಥವೇ ಸಿಗುತ್ತದೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ.

ಮೊದಲು, ದೂರು ಯಾರ ಮೇಲೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ತೀರ್ಥಹಳ್ಳಿ ಕಡೆಯ ತೋಟವೊಂದರಲ್ಲಿ ಕೊಳೆ ರೋಗ ಬಂದು ಎಳೆ ಅಡಿಕೆ ಉದುರಿದೆ ಎನ್ನೋಣ. ಬಿಡುವು ಕೊಡದ ಮಳೆಯನ್ನು ಬ್ಲೇಮ್ ಮಾಡಬಹುದು, ಕೊಳೆ ತಡೆಯಲು ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕಿದ ಕಳಪೆ ಮೈಲುತುತ್ತವನ್ನೂ ಮಾಡಬಹುದು. ನಷ್ಟಕ್ಕೆ ಇದೇ ಕಾರಣವೆಂದು ಬೊಟ್ಟು ಮಾಡುವುದಷ್ಟೇ ಆ ಪದದ ಕೆಲಸ. ಮಳೆಯನ್ನು ಅಕ್ಯೂಸ್ ಮಾಡಲಾಗದು. ಅದಕ್ಕೆ ಉತ್ತರ ಹೇಳಬಲ್ಲ ಮನುಷ್ಯನೋ ಸಂಸ್ಥೆಯೋ ಬೇಕು.

ಎರಡನೆಯದಾಗಿ, ತಕರಾರು ಇರುವುದು ಯಾವುದರ ಬಗ್ಗೆ ಎಂದು ನೋಡಬೇಕು. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ 1970ರ ಆಸುಪಾಸಿನಲ್ಲಿ ಅಕ್ಯೂಸ್ ಮತ್ತು ಕ್ರಿಟಿಸೈಸ್ ನಡುವೆ ಗುರುತಿಸಿದ ವ್ಯತ್ಯಾಸ ಇಲ್ಲಿ ಬಹಳ ಉಪಯುಕ್ತ. ಎರಡನೇ ಸಲದ ಔಷಧಿ ಹೊಡೆಯದೆಯೇ, ಮರವೇರಿ ಆ ಕೆಲಸ ಮಾಡುವ ಕೊನೆಗಾರ ಕೂಲಿ ಪಡೆದ ಎಂಬ ಮಾತು ಅಕ್ಯೂಸ್. ಅದು ತಪ್ಪೆಂಬುದು ಇಲ್ಲಿ ಎಲ್ಲರಿಗೂ ಗೊತ್ತು, ಆತ ಮಾಡಿದನೇ ಎಂಬುದಷ್ಟೇ ಪ್ರಶ್ನೆ. ಔಷಧಿ ಹೊಡೆದದ್ದು ಆತನೇ ಎಂದು ಇಬ್ಬರೂ ಒಪ್ಪುತ್ತಾರೆ, ಗೊನೆಗೆ ಸರಿಯಾಗಿ ತಾಗುವಂತೆ ಹೊಡೆಯಲಿಲ್ಲ ಎಂಬುದೇ ದೂರಾದರೆ ಅದು ಕ್ರಿಟಿಸೈಸ್. ಈ ಎರಡನ್ನು ಅದಲುಬದಲು ಮಾಡಿದರೆ ಕೆಲಸದ ಬಗೆಗಿನ ಅಸಮಾಧಾನ ಮೋಸದ ಆಪಾದನೆಯಾಗಿಬಿಡುತ್ತದೆ.

ಬ್ಲೇಮ್ ಜೊತೆಗೆ ಫಾರ್, ಅಕ್ಯೂಸ್ ಜೊತೆಗೆ ಆಫ್, ಚಾರ್ಜ್ ಜೊತೆಗೆ ವಿತ್ ಬರುತ್ತದೆ. ಇದನ್ನು ಬಾಯಿಪಾಠ ಮಾಡುವುದೇ ಸುಲಭ.

ಬಳಿಕ, ಬರೆಯುವವರಿಗೆ ಅಧಿಕಾರವಿದೆಯೇ ಎಂದು ಕೇಳಿಕೊಳ್ಳಬೇಕು. ಅಪರಾಧದ ವಿಷಯದಲ್ಲಿ ಚಾರ್ಜ್ ಎಂಬುದು ಪೊಲೀಸರ ಮತ್ತು ನ್ಯಾಯಾಲಯದ ಮಾತು; ತೋಟದ ಯಜಮಾನರು ಅದನ್ನು ಬಳಸಿದರೆ ಕೇಸು ಹಾಕಿದರು ಎಂದೇ ಓದುಗರು ತಿಳಿದಾರು. ಸೆನ್ಷರ್ ಎಂಬುದು ಸಭೆಯೋ ಮೇಲಧಿಕಾರಿಯೋ ವಿಧಿಸುವ ಔಪಚಾರಿಕ ಖಂಡನೆ. ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯಿಸುವ 1957ರ ಶಿಸ್ತು ನಿಯಮಗಳಲ್ಲಿ ವಾಗ್ದಂಡನೆ ಎಂದಿರುವ ಲಘು ದಂಡನೆ ಇದೇ. ಸಿನಿಮಾಕ್ಕೆ ಕತ್ತರಿ ಹಾಕುವ ಸೆನ್ಸಾರ್ ಬೇರೆ ಪದ, ಕಾಗುಣಿತವೂ ಬೇರೆ.

ರಿಪ್ರೋಚ್‌ನಲ್ಲಿ ಕೋಪಕ್ಕಿಂತ ನೋವು ಹೆಚ್ಚು. ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎನ್ನುವ ಧಾಟಿ ಅದರದು, ಆದ್ದರಿಂದ ಕಂಪನಿಗೆ ಹೊಂದದು. ಕಂಡೆಮ್ ಎಂದರೆ ವಿಚಾರಣೆ ಮುಗಿದು ತೀರ್ಪೇ ಬಂದ ಹಾಗೆ. ನಮ್ಮ ಸರ್ಕಾರಿ ಕಚೇರಿಗಳ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತ ಜೀಪನ್ನು ಕಂಡಮ್ ಆಗಿದೆ ಎನ್ನುವಾಗ ಬಳಸುವುದು ಈ ಪದವನ್ನೇ. ಉತ್ತರ ಬಯಸಿ ಬರೆಯುವ ಮೊದಲ ಪತ್ರದಲ್ಲಿ ಅದಕ್ಕೆ ಜಾಗವಿಲ್ಲ.