ಟಿವಿಲಿ ಬಾಕ್ಸಿಂಗ್ ನೋಡೋವಾಗ ಚಾನಲ್‌ನೋರ ದುಡ್ಡು ಎಲ್ಲಿ ಹೋಗಿದೆ ಅಂತ ಕಂಡುಹಿಡಿಯೋದು ಹೇಗೆ

2017ರ ಜುಲೈ 2. ಆಸ್ಟ್ರೇಲಿಯಾದ ಬ್ರಿಸ್ಬೇನ್, ಸನ್‌ಕಾರ್ಪ್ ಸ್ಟೇಡಿಯಂ. ರಗ್ಬಿ ಆಡೋ ಮೈದಾನದ ಮಧ್ಯೆ ರಿಂಗ್ ಹಾಕಿದಾರೆ, ಐವತ್ತು ಸಾವಿರಕ್ಕೂ ಜಾಸ್ತಿ ಜನ ಕೂತಿದಾರೆ, ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊಗೂ ಬ್ರಿಸ್ಬೇನ್‌ನೋರೇ ಆದ ಜೆಫ್ ಹಾರ್ನ್‌ಗೂ ಟೈಟಲ್ ಫೈಟು, ಅದೂ ಹಗಲು ಹೊತ್ತಲ್ಲಿ, ನೆತ್ತಿ ಮೇಲೆ ಬಿಸಿಲಿರೋವಾಗ. ಇಷ್ಟು ದೊಡ್ಡ ಫೈಟನ್ನ ಮಧ್ಯಾಹ್ನ ಯಾಕೆ ಇಟ್ಕೊಂಡ್ರು? ಅಮೆರಿಕದಲ್ಲಿ ಆಗ ಶನಿವಾರ ರಾತ್ರಿ, ಇಎಸ್‌ಪಿಎನ್ ಅನ್ನೋ ಸ್ಪೋರ್ಟ್ಸ್ ಚಾನಲ್ ಅಲ್ಲಿಯ ಜನರಿಗೆ ಲೈವ್ ತೋರಿಸ್ತಾ ಇತ್ತು, ಅಷ್ಟೇ ಕಾರಣ.

ಅದಕ್ಕೇ ನಾನು ಹೇಳೋದು, ಬಾಕ್ಸಿಂಗ್ ಪ್ರಸಾರ ಅರ್ಥ ಮಾಡ್ಕೋಬೇಕು ಅಂದ್ರೆ ಮೊದ್ಲು ಗಡಿಯಾರ ನೋಡಿ. ಫೈಟ್ ಎಲ್ಲಿ ನಡೀತಿದೆ, ಅಲ್ಲಿ ಗಂಟೆ ಎಷ್ಟು, ಆ ಹೊತ್ತು ಯಾವ ದೇಶದ ಜನ ಊಟ ಮುಗಿಸಿ ಸೋಫಾ ಮೇಲೆ ಕೂತಿರ್ತಾರೆ ಅಂತ ಲೆಕ್ಕ ಹಾಕಿ, ದುಡ್ಡು ಕೊಟ್ಟೋರು ಯಾರು ಅಂತ ಅಲ್ಲೇ ಅರ್ಧ ಗೊತ್ತಾಗೋಗತ್ತೆ. ಇದೇನು ಇವತ್ತಿನ ಕಥೆ ಅಲ್ಲ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ-ಫೋರ್‌ಮನ್ ಫೈಟ್ ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ ನಡೀತು, ಅಮೆರಿಕದಲ್ಲಿ ಥಿಯೇಟರ್‌ಗಳಲ್ಲಿ ಟಿಕೆಟ್ ತಗೊಂಡು ದೊಡ್ಡ ಪರದೆ ಮೇಲೆ ನೋಡೋರಿಗೆ ರಾತ್ರಿ ಆಗಿರ್ಬೇಕಿತ್ತಲ್ಲ. ಮಾರನೇ ವರ್ಷ ಮನಿಲಾದಲ್ಲಿ ಅಲಿ-ಫ್ರೇಸಿಯರ್ ಬೆಳಗ್ಗೆ ಹತ್ತು ಮುಕ್ಕಾಲಿಗೆ ಆ ಸೆಕೆಯಲ್ಲಿ ಹೊಡ್ಕೊಂಡ್ರು, ಅದೂ ಇದೇ ಕಾರಣಕ್ಕೆ. ಆ ಮನಿಲಾ ಫೈಟ್ ಉಪಗ್ರಹದ ಮೂಲಕ ತೋರಿಸೇ ಎಚ್‌ಬಿಒ ದೊಡ್ಡ ಚಾನಲ್ ಆಗೋ ದಾರಿ ಹಿಡೀತು.

ನಮ್ಮ ಲೆಕ್ಕಕ್ಕೆ ಹೇಳ್ಬೇಕಂದ್ರೆ, ಅಮೆರಿಕದ ಶನಿವಾರ ರಾತ್ರಿಯ ಮೇನ್ ಫೈಟ್ ನಮಗೆ ಭಾನುವಾರ ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ಆಸುಪಾಸು ಬರತ್ತೆ, ಅವರ ಚಳಿಗಾಲದಲ್ಲಿ ಇನ್ನೊಂದು ಗಂಟೆ ಲೇಟು. ತಿಂಡಿ ಟೈಮ್. ಇಂಗ್ಲೆಂಡಿನ ಫೈಟಾದ್ರೆ ರಾತ್ರಿ ಎರಡೂವರೆ-ಮೂರೂವರೆಗೆ ಎದ್ದು ಕೂರ್ಬೇಕು, ಅಲಾರಂ ಇಟ್ಕೊಳ್ಳಿ.

ಎರಡನೇದು, ದುಡ್ಡು ಯಾವ ದಾರಿಯಿಂದ ಬರ್ತಿದೆ ಅಂತ ನೋಡಿ. ನಾನಿದನ್ನ ತುಂಬಾ ವರ್ಷ ಗಮನಿಸಿರ್ಲಿಲ್ಲ, ಗಮನಿಸೋಕೆ ಶುರು ಮಾಡಿದ್ಮೇಲೆ ಪ್ರಸಾರದಲ್ಲಿ ಯಾಕೆ ಹೀಗೆ ಮಾಡ್ತಾರೆ ಅನ್ನೋ ಪ್ರಶ್ನೆಗಳಿಗೆಲ್ಲ ತಾನಾಗೇ ಉತ್ತರ ಸಿಕ್ತಾ ಹೋಯ್ತು. ತಿಂಗಳ ಚಂದಾದಿಂದ ನಡೆಯೋ ಚಾನಲ್ ಅಂದ್ರೆ ನೀವು ಮುಂದಿನ ತಿಂಗಳೂ ಚಂದಾ ನಿಲ್ಲಿಸ್ಬಾರದು ಅನ್ನೋದು ಅವರ ಗುರಿ, ಹಾಗಾಗಿ ಇವತ್ತಿನ ಫೈಟ್ ನಡೀತಾ ಇರೋವಾಗ್ಲೇ ಮುಂದಿನ ಫೈಟಿನ ಮಾತು ಶುರು, ಗೆದ್ದೋನ ಎದುರು ಮುಂದೆ ನಿಲ್ಲೋ ಬಾಕ್ಸರ್ ರಿಂಗ್ ಪಕ್ಕ ಮೊದಲನೇ ಸಾಲಲ್ಲೇ ಕೂತಿರ್ತಾನೆ, ಕ್ಯಾಮೆರಾ ಅವನ ಮುಖಕ್ಕೆ ಹೋಗ್ತಾನೇ ಇರತ್ತೆ. ಜಾಹೀರಾತಿನ ಚಾನಲ್ಲಾದ್ರೆ ರೌಂಡ್ ಮಧ್ಯದ ಒಂದು ನಿಮಿಷ ಅವರಿಗೆ ಚಿನ್ನ. ಪೇ-ಪರ್-ವ್ಯೂ ಅಂದ್ರೆ ಒಂದೊಂದು ಫೈಟಿಗೂ ಬೇರೆ ದುಡ್ಡು ಕಟ್ಟಿ ನೋಡೋದು, ಅಲ್ಲಿ ನಿಮ್ಮ ದುಡ್ಡು ಫೈಟ್ ಶುರುವಾಗೋ ಮುಂಚೆನೇ ಅವರ ಕೈ ಸೇರಿರತ್ತೆ, ಅಂದ್ರೆ ನಿಜವಾದ ಶ್ರಮ ಎಲ್ಲಾ ಫೈಟಿನ ಹಿಂದಿನ ವಾರಗಳಲ್ಲೇ ನಡೆದು ಹೋಗಿರತ್ತೆ. ಎಚ್‌ಬಿಒ 2007ರಲ್ಲಿ ಡೆ ಲಾ ಹೋಯಾ-ಮೇವೆದರ್ ಫೈಟಿಗೆ ಮುಂಚೆ ಇಬ್ಬರ ಮನೆ, ಜಿಮ್ಮು, ಅಪ್ಪ-ಚಿಕ್ಕಪ್ಪಂದಿರ ಜಗಳ ಎಲ್ಲಾ ತೋರಿಸೋ 24/7 ಅನ್ನೋ ಸೀರೀಸ್ ಮಾಡ್ತು, ನೋಡೋಕೆ ಡಾಕ್ಯುಮೆಂಟರಿ, ಕೆಲಸ ಮಾಡಿದ್ದು ಜಾಹೀರಾತಿಂದು. ಆ ಫೈಟ್ 24 ಲಕ್ಷ ಮನೆಗಳಿಗೆ ಮಾರಾಟ ಆಯ್ತು, ಆ ಕಾಲಕ್ಕೆ ಅದೇ ರೆಕಾರ್ಡು.

ಆ ರೆಕಾರ್ಡ್ ಮುರಿದಿದ್ದು 2015ರ ಮೇ 2ರ ಮೇವೆದರ್-ಪಕಿಯಾವೊ. ಅಮೆರಿಕದಲ್ಲೇ 46 ಲಕ್ಷ ಮಾರಾಟ, ಎಚ್‌ಡಿಗೆ ಸುಮಾರು ನೂರು ಡಾಲರ್, ಒಟ್ಟು 40 ಕೋಟಿ ಡಾಲರ್ ಮೇಲೆ. ಇದರಲ್ಲಿ ಮನೆಮನೆಗೆ ತಲುಪಿಸೋ ಕೇಬಲ್, ಡಿಶ್ ಕಂಪನಿಗಳು ತಮ್ಮ ದೊಡ್ಡ ಪಾಲು ಹಿಡ್ಕೋತಾವೆ, ಉಳಿದಿದ್ದು ಪ್ರೊಮೋಟರು (ಫೈಟ್ ಏರ್ಪಡಿಸೋರು), ಚಾನಲ್ಲು, ಬಾಕ್ಸರ್‌ಗಳ ಮಧ್ಯೆ ಹಂಚಿಕೆ, ಇಬ್ಬರು ಬಾಕ್ಸರ್‌ಗಳ ಮಧ್ಯೆ 60-40 ಅಂತ ಮೊದಲೇ ಒಪ್ಪಂದ. ಮೇವೆದರ್ ಷೋಟೈಮ್ ಚಾನಲ್ ಕಡೆಯವರು, ಪಕಿಯಾವೊ ಎಚ್‌ಬಿಒ ಕಡೆಯವರು, ಹಾಗಾಗಿ ಎರಡೂ ಚಾನಲ್ ಸೇರಿ ಪ್ರಸಾರ ಮಾಡ್ಬೇಕಾಯ್ತು. ಅದರ ಗುರುತು ನಿಮಗೆ ಸ್ಕ್ರೀನ್ ಮೇಲೆ ಕಾಣತ್ತೆ: ರಿಂಗ್‌ನಲ್ಲಿ ಹೆಸರು ಕೂಗೋರು ಇಬ್ಬರು, ಮೈಕೆಲ್ ಬಫರ್ ಮತ್ತು ಜಿಮ್ಮಿ ಲೆನನ್ ಜೂನಿಯರ್, ಕಾಮೆಂಟರಿಲಿ ಎಚ್‌ಬಿಒದ ಜಿಮ್ ಲ್ಯಾಂಪ್ಲಿ ಪಕ್ಕ ಷೋಟೈಮ್‌ನ ಆಲ್ ಬರ್ನ್‌ಸ್ಟೀನ್. ಕೊನೇ ಗಳಿಗೆಲಿ ಬುಕ್ ಮಾಡೋರ ನೂಕುನುಗ್ಗಲಿಗೆ ಅಲ್ಲಿನ ಸಿಸ್ಟಂಗಳು ತಡವರಿಸಿ ಮೇನ್ ಫೈಟನ್ನೇ ತಡ ಮಾಡಿದ್ರು. ಬೆವರಿಳಿಸಿಕೊಂಡು ವಾರ್ಮಪ್ ಮಾಡಿ ನಿಂತಿರೋ ಬಾಕ್ಸರ್‌ಗಳು ಬಿಲ್ಲಿಂಗ್ ಮುಗಿಯೋವರೆಗೂ ಕಾಯ್ಬೇಕು. ಮಾರಾಟದ ಕೌಂಟರ್ ಮುಂದೆ, ಆಟ ಹಿಂದೆ, ಇದನ್ನ ಯೋಚಿಸಿದ್ರೆ ನನಗೆ ಇವತ್ತಿಗೂ ಬೇಜಾರಾಗತ್ತೆ.

ಇನ್ನೊಂದು ದಾರಿನೂ ಇದೆ, ತಿರುಗಾಮುರುಗ. ಚಾನಲ್ ಬಾಕ್ಸಿಂಗ್‌ಗೆ ದುಡ್ಡು ಕೊಡೋದಲ್ಲ, ಬಾಕ್ಸಿಂಗ್‌ನೋರೇ ಚಾನಲ್ಲಿಗೆ ದುಡ್ಡು ಕೊಟ್ಟು ಟೈಮ್ ಕೊಂಡ್ಕೊಳ್ಳೋದು. 2015ರ ಮಾರ್ಚ್‌ನಲ್ಲಿ ಬಾಕ್ಸಿಂಗ್ ಮ್ಯಾನೇಜರ್ ಆಲ್ ಹೇಮನ್ ಅವರ ಪ್ರೀಮಿಯರ್ ಬಾಕ್ಸಿಂಗ್ ಚಾಂಪಿಯನ್ಸ್ ಅನ್ನೋ ಫೈಟ್ ಸರಣಿ ಅಮೆರಿಕದ ಎನ್‌ಬಿಸಿ ಚಾನಲ್ಲಲ್ಲಿ ಶುರುವಾಗಿದ್ದು ಹೀಗೆ. ಮ್ಯೂಸಿಕ್ ಹಾನ್ಸ್ ಜಿಮ್ಮರ್‌ದು, ಮಾತಾಡೋಕೆ ಆಲ್ ಮೈಕಲ್ಸ್, ಮಾರ್ವ್ ಆಲ್ಬರ್ಟ್, ಶುಗರ್ ರೇ ಲೆನರ್ಡ್, ಬಾಕ್ಸರ್ ಜೊತೆ ಗುಂಪುಗೂಡಿ ಬರೋ ಪರಿವಾರ ಬೇಡ, ದೊಡ್ಡ ಸ್ಟೇಜಿಂದ ಒಬ್ಬನೇ ನಡ್ಕೊಂಡು ಬರ್ಬೇಕು. ನೋಡೋಕೆ ಚೆಂದ ಇತ್ತು, ನಿಜ. ಆದ್ರೆ ಕೊಂಡ ಟೈಮಿನ ಖರ್ಚು ಜಾಹೀರಾತಿಂದ ಗಿಟ್ಟಲಿಲ್ಲ, ಆ ಮಾದರಿ ಬಹಳ ದಿನ ನಿಲ್ಲಲಿಲ್ಲ. ಬಾಕ್ಸಿಂಗ್ ಪ್ರಸಾರ ಥಳಥಳ ಅಂತ ಕಂಡ್ರೆ ಆ ಹೊಳಪಿಗೆ ದುಡ್ಡು ಹಾಕಿದ್ದು ಚಾನಲ್ಲಾ ಪ್ರೊಮೋಟರಾ ಅಂತ ಒಂದ್ಸಲ ಕೇಳ್ಕೊಳ್ಳಿ, ಪ್ರೊಮೋಟರೇ ಹಾಕಿದ್ರೆ ಕಾಮೆಂಟರಿಲಿ ಅವರ ಹುಡುಗರ ಬಗ್ಗೆ ಕಟುವಾದ ಮಾತು ಕೇಳೋದು ಕಮ್ಮಿ.

ಈಗ ಸ್ಕ್ರೀನಿಗೆ ಬರೋಣ. ನನ್ನ ಅಭಿಪ್ರಾಯ ಏನಂದ್ರೆ, ಬಾಕ್ಸಿಂಗ್‌ನಲ್ಲಿ ಚಾನಲ್‌ನೋರ ದುಡ್ಡಲ್ಲಿ ಸಿಂಹಪಾಲು ಬಾಕ್ಸರ್ ಹೆಸರಿಗೇ ಖರ್ಚಾಗೋಗತ್ತೆ, ಫೈಟನ್ನ ನಮಗೆ ಸರಿಯಾಗಿ ತೋರಿಸೋಕೆ ಉಳಿಯೋದು ಸ್ವಲ್ಪ, ಆ ಸ್ವಲ್ಪವನ್ನ ಎಲ್ಲಿ ಹಾಕಿದಾರೆ ಅನ್ನೋದ್ರಲ್ಲೇ ಆ ಚಾನಲ್‌ಗೆ ಈ ಆಟದ ಮೇಲೆ ಎಷ್ಟು ಪ್ರೀತಿ ಇದೆ ಅಂತ ಗೊತ್ತಾಗೋದು. 2018ರ ಅಕ್ಟೋಬರ್‌ನಲ್ಲಿ ಡಾಝೋನ್ ಅನ್ನೋ ಸ್ಟ್ರೀಮಿಂಗ್ ಕಂಪನಿ ಮೆಕ್ಸಿಕೋದ ಬಾಕ್ಸರ್ ಕನೆಲೊ ಆಲ್ವಾರೆಸ್ ಜೊತೆ 11 ಫೈಟಿಗೆ 36.5 ಕೋಟಿ ಡಾಲರಿನ ಒಪ್ಪಂದ ಮಾಡ್ಕೊಂಡ್ತು. ಪೇ-ಪರ್-ವ್ಯೂ ಕಾಲ ಮುಗೀತು, ತಿಂಗಳಿಗೆ ಹತ್ತು ಡಾಲರ್ ಕೊಡಿ ಸಾಕು ಅಂತ ಪ್ರಚಾರ. 2020ರಲ್ಲಿ ಕನೆಲೊ ಕೋರ್ಟಿಗೆ ಹೋದ್ರು, ಒಪ್ಪಂದ ಮುರೀತು. 2022ರ ಮೇನಲ್ಲಿ ಅದೇ ಕನೆಲೊ ಬಿವೋಲ್ ಜೊತೆ ಆಡಿದ ಫೈಟನ್ನ ಅದೇ ಡಾಝೋನ್ ಅಮೆರಿಕದಲ್ಲಿ ಪೇ-ಪರ್-ವ್ಯೂ ಆಗಿ ಮಾರ್ತು.

ಹಾಗಾದ್ರೆ ತೋರಿಸೋದಕ್ಕೆ ಹಾಕಿದ ದುಡ್ಡನ್ನ ಗುರುತಿಸೋದು ಹೇಗೆ? ಬೆಲ್ ಹೊಡೆದ ತಕ್ಷಣ ಏನಾಗತ್ತೆ ಅಂತ ನೋಡಿ. ಹನ್ನೆರಡು ರೌಂಡಿನ ಫೈಟಲ್ಲಿ ಹನ್ನೊಂದು ಬ್ರೇಕು, ಒಂದೊಂದೂ ಅರವತ್ತೇ ಸೆಕೆಂಡು. ಒಳ್ಳೇ ಪ್ರಸಾರ ಆದ್ರೆ ಬಾಕ್ಸರ್ ಸ್ಟೂಲ್ ಮೇಲೆ ಕೂರೋ ಹೊತ್ತಿಗೆ ಕ್ಯಾಮೆರಾ ಹಗ್ಗದ ಪಕ್ಕ ಹೋಗಿರತ್ತೆ, ಕಾರ್ನರ್‌ನ, ಅಂದ್ರೆ ಬಾಕ್ಸರ್ ಕೂರೋ ಮೂಲೆಯ ಮೈಕ್ ಆನ್ ಆಗಿರತ್ತೆ, ಕೋಚ್ ಸ್ಪ್ಯಾನಿಷ್‌ನಲ್ಲಿ ಬೈತಿದ್ರೆ ಅದನ್ನ ಆಗಿಂದಾಗ್ಗೆ ಹೇಳೋಕೆ ಭಾಷೆ ಗೊತ್ತಿರೋ ಒಬ್ಬರನ್ನ ಕೂರಿಸಿರ್ತಾರೆ, ಹುಬ್ಬಿನ ಗಾಯಕ್ಕೆ ವ್ಯಾಸಲಿನ್ ಹಚ್ಚೋದು, ಊದಿರೋ ಕೆನ್ನೆ ಮೇಲೆ ತಣ್ಣಗಿರೋ ಲೋಹದ ಪಟ್ಟಿ ಒತ್ತೋದು ಕಾಣತ್ತೆ, ಕೊನೇ ಇಪ್ಪತ್ತು ಸೆಕೆಂಡಲ್ಲಿ ಸ್ಲೋ ಮೋಷನ್ ರಿಪ್ಲೇ. ಇದಕ್ಕೆಲ್ಲ ಹೊರಗೆ ನಿಂತಿರೋ ಓಬಿ ವ್ಯಾನಲ್ಲಿ (ಪ್ರಸಾರದ ಕಂಟ್ರೋಲ್ ರೂಮ್ ಇರೋ ಗಾಡಿ) ಜನ ಬೇಕು, ಜನಕ್ಕೆ ಸಂಬಳ ಬೇಕು. ಬ್ರಿಸ್ಬೇನ್ ಫೈಟಲ್ಲೇ ಒಂಬತ್ತನೇ ರೌಂಡ್ ಆದ್ಮೇಲೆ ರೆಫರಿ ಮಾರ್ಕ್ ನೆಲ್ಸನ್ ಹಾರ್ನ್ ಕಾರ್ನರಿಗೆ ಬಂದು ಇನ್ನೊಂದು ರೌಂಡ್ ನೋಡ್ತೀನಿ, ಏನಾದ್ರೂ ಮಾಡಿ ತೋರಿಸು, ಇಲ್ಲಾಂದ್ರೆ ನಿಲ್ಲಿಸ್ತೀನಿ ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ರು. ಹಾರ್ನ್ ಮುಖ ರಕ್ತ, ಕಣ್ಣು ಊದ್ಕೊಂಡಿತ್ತು. ಆ ಒಂದು ನಿಮಿಷದಲ್ಲಿ ಟ್ರಕ್ಕಿನದೋ ಬಿಯರಿಂದೋ ಜಾಹೀರಾತು ಹಾಕಿದ್ರೆ ಇಡೀ ಫೈಟಿನ ಜೀವಾಳವೇ ಹೋಗ್ತಿತ್ತು.

ಅದಾದ್ಮೇಲೆ ಪಂಚ್ ಲೆಕ್ಕ. ಸ್ಕ್ರೀನ್ ಮೇಲೆ ಇವನು ಇಷ್ಟು ಹೊಡೆದ, ಅವನು ಅಷ್ಟು ಹೊಡೆದ ಅಂತ ಬರತ್ತಲ್ಲ, ಅದು ಬಹಳಷ್ಟು ಸಲ ಕಂಪ್ಯೂಬಾಕ್ಸ್ ಅನ್ನೋ ಕಂಪನಿದು, 1985ರಿಂದ ಇದೆ. ಹೆಸರು ಕೇಳಿ ಯಾವುದೋ ಮೆಷಿನ್ನು, ಸೆನ್ಸರ್ರು ಅಂದ್ಕೋಬೇಡಿ. ರಿಂಗ್ ಪಕ್ಕ ಇಬ್ಬರು ಮನುಷ್ಯರು ಕೂತಿರ್ತಾರೆ, ಒಬ್ಬರು ಒಬ್ಬ ಬಾಕ್ಸರನ್ನ ಮಾತ್ರ ನೋಡೋದು, ಕೈಯಲ್ಲಿ ನಾಲ್ಕು ಬಟನ್: ಜಾಬ್ (ಮುಂದಿನ ಕೈಯಿಂದ ನೇರವಾಗಿ ಚಾಚಿ ಹೊಡೆಯೋ ಪಂಚು) ತಾಗ್ತು, ಜಾಬ್ ತಪ್ತು, ಪವರ್ ಪಂಚ್ ತಾಗ್ತು, ಪವರ್ ಪಂಚ್ ತಪ್ತು. ಜಾಬ್ ಅಲ್ಲದ್ದೆಲ್ಲಾ ಅವರ ಲೆಕ್ಕದಲ್ಲಿ ಪವರ್ ಪಂಚೇ, ಮೆಲ್ಲಗೆ ತಟ್ಟಿದ್ರೂ ಅದೇ, ನೆಲಕ್ಕುರುಳಿಸಿದ್ರೂ ಅದೇ. ಎಷ್ಟು ಜೋರಾಗಿ ಬಿತ್ತು ಅನ್ನೋದು ಆ ನಂಬರಲ್ಲಿ ಇಲ್ಲವೇ ಇಲ್ಲ.

ಬ್ರಿಸ್ಬೇನಲ್ಲಿ ಆ ಲೆಕ್ಕ ಪಕಿಯಾವೊ 182, ಹಾರ್ನ್ 92 ಅಂತ ಬಂತು. ಇಎಸ್‌ಪಿಎನ್ ಕಾಮೆಂಟರಿನೂ ಅದೇ ದಿಕ್ಕಲ್ಲಿ ಹೋಗ್ತಿತ್ತು, ಅವರ ಕಾಮೆಂಟೇಟರ್ ಟೆಡ್ಡಿ ಅಟ್ಲಾಸ್ ಫೈಟ್ ಮುಗಿದ್ಮೇಲೆ ನೀನು ಸೋತೆ ಅಂತ ನನಗನ್ಸಿದೆ ಅಂತ ಗೆದ್ದ ಹಾರ್ನ್ ಮುಖಕ್ಕೇ ಹೇಳಿದ್ರು. ಮೂರೂ ಜಡ್ಜ್‌ಗಳು ಹಾರ್ನ್‌ಗೆ ಕೊಟ್ಟಿದ್ರು, ರೌಂಡ್ ಗೆದ್ದೋನಿಗೆ 10 ಸೋತೋನಿಗೆ 9 ಅನ್ನೋ ಲೆಕ್ಕದಲ್ಲಿ 117-111, 115-113, 115-113. ಮೋಸ ಆಗಿದೆ ಅಂತ ಗಲಾಟೆ ಎದ್ದು ಕೊನೆಗೆ ಆ ಟೈಟಲ್ ಕೊಡೋ ಸಂಸ್ಥೆಯಾದ ಡಬ್ಲ್ಯೂಬಿಒ, ಹೆಸರು ಬಹಿರಂಗ ಮಾಡದ ಬೇರೆ ಐದು ಜಡ್ಜ್‌ಗಳಿಂದ ಮತ್ತೆ ನೋಡಿಸ್ತು, ಅವರ ಲೆಕ್ಕದಲ್ಲೂ ಹಾರ್ನ್‌ಗೆ 7 ರೌಂಡು, ಪಕಿಯಾವೊಗೆ 5. ನನ್ನ ಪ್ರಕಾರ ಆ 117-111 ಜಾಸ್ತಿ ಆಯ್ತು, ಉಳಿದೆರಡು ವಾದ ಮಾಡಬಹುದಾದ ಸ್ಕೋರ್ ಕಾರ್ಡುಗಳು. ರೌಂಡ್ ಒಂದೊಂದಾಗಿ ಗೆಲ್ಲೋ ಆಟದಲ್ಲಿ ಹನ್ನೆರಡೂ ರೌಂಡಿನ ಪಂಚ್ ಕೂಡಿಸಿ ತೋರಿಸಿದ್ರೆ ತಪ್ಪು ಚಿತ್ರ ಸಿಗತ್ತೆ, ಒಂಬತ್ತನೇ ರೌಂಡಲ್ಲಿ ಪಕಿಯಾವೊ ಚಚ್ಚಿ ಹಾಕಿದ್ದೆಲ್ಲಾ ಆ 182ರಲ್ಲಿ ಸೇರಿದೆ, ಕಾರ್ಡಲ್ಲಿ ಮಾತ್ರ ಅದು ಒಂದೇ ರೌಂಡು.

ಇದಕ್ಕೆ ಮನೇಲಿ ಮಾಡಬಹುದಾದ ಅಭ್ಯಾಸ ಹೇಳ್ತೀನಿ. ಒಂದು ಹಳೇ ಫೈಟ್ ಹಾಕ್ಕೊಳ್ಳಿ, ರಿಸಲ್ಟ್ ಮರೆತಿರೋದು ಅಥವಾ ಗೊತ್ತೇ ಇಲ್ಲದ್ದು ಆದ್ರೆ ಉತ್ತಮ. ಮ್ಯೂಟ್ ಮಾಡಿ. ಕಾಗದದ ಮೇಲೆ ಎರಡು ಕಾಲಂ ಎಳೆದು ಪ್ರತಿ ರೌಂಡ್ ಮುಗಿದ ತಕ್ಷಣ, ರಿಪ್ಲೇ ಬರೋಕೆ ಮುಂಚೆ, ಗೆದ್ದೋನಿಗೆ 10 ಸೋತೋನಿಗೆ 9 ಬರೀರಿ, ಯಾರಾದ್ರೂ ಕೆಳಗೆ ಬಿದ್ದಿದ್ರೆ ಸಾಮಾನ್ಯವಾಗಿ 8. ರಿಪ್ಲೇ ನೋಡಿ ಬರೀಬೇಡಿ, ಯಾಕಂದ್ರೆ ರಿಪ್ಲೇ ಆರಿಸೋನು ವ್ಯಾನಲ್ಲಿ ಕೂತಿರೋ ಇನ್ನೊಬ್ಬ, ಮೂರು ನಿಮಿಷದಲ್ಲಿ ಅವನಿಗೆ ಚೆನ್ನಾಗಿ ಕಂಡ ಎರಡು ಪಂಚು ಮಾತ್ರ ನಿಮಗೆ ಸಿಗೋದು. ಆಮೇಲೆ ಅದೇ ಫೈಟನ್ನ ಸೌಂಡ್ ಇಟ್ಟು ನೋಡಿ. ನನಗಂತೂ ಸುಮಾರು ಸಲ ಎರಡು-ಮೂರು ರೌಂಡ್ ಅದಲುಬದಲಾಗಿದೆ. ಜನರ ಕೂಗು ಒಂದು ಕಾರಣ, ಇನ್ನೊಂದು ಗ್ಲೌಸಿನ ಸದ್ದು: ಎದುರಾಳಿಯ ತೋಳಿಗೆ, ಗ್ಲೌಸಿಗೆ ಬಿದ್ದ ಏಟೂ ರಿಂಗ್ ಮೈಕಲ್ಲಿ ಮುಖಕ್ಕೆ ಬಿದ್ದ ಹಾಗೇ ಕೇಳಿಸತ್ತೆ. ಮೇನ್ ಕ್ಯಾಮೆರಾ ಒಂದೇ ಕಡೆಯಿಂದ, ಎತ್ತರದಿಂದ ನೋಡತ್ತೆ, ಜಡ್ಜ್‌ಗಳು ರಿಂಗಿನ ಬೇರೆಬೇರೆ ಪಕ್ಕದಲ್ಲಿ ಕೆಳಗೆ ಕೂತಿರ್ತಾರೆ. ಬಾಕ್ಸರಿನ ಬೆನ್ನು ನಿಮ್ಮ ಕಡೆ ಇದ್ದಾಗ ಆ ಪಂಚ್ ಏನಾಯ್ತು ಅಂತ ನಿಮಗೆ ಕಂಡಿಲ್ಲ ಅಂತಲೇ ಇಟ್ಕೊಳ್ಳಿ.

ಕೊನೇದು ಅಂಡರ್‌ಕಾರ್ಡ್, ಅಂದ್ರೆ ಮೇನ್ ಫೈಟಿಗಿಂತ ಮುಂಚಿನ ಸಣ್ಣ ಫೈಟುಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಥರ, ಎಲ್ಲಾ ದುಡ್ಡೂ ಒಬ್ಬನ ಹೆಸರಿಗೆ ಸುರಿದು ಕೆಳಗಿನ ಫೈಟುಗಳಿಗೆ ಸಮಬಲದ ಎದುರಾಳಿನ ತರೋಕೂ ದುಡ್ಡಿಲ್ಲದ ಕಾರ್ಯಕ್ರಮಗಳು ಬೇಕಾದಷ್ಟಿವೆ. ಕಾಮೆಂಟರಿ ಟೀಮ್ ಆ ಸಣ್ಣ ಫೈಟಿಗೂ ಹೋಂವರ್ಕ್ ಮಾಡ್ಕೊಂಡು ಬಂದಿದಾರಾ, ಇಲ್ಲಾ ಅದರ ಮೇಲೇ ಮೇನ್ ಫೈಟಿನ ಹರಟೆ ಹೊಡೀತಿದಾರಾ ಅಂತ ಕೇಳಿಸ್ಕೊಳ್ಳಿ. ನಮ್ಮೋರು ಸದ್ಯಕ್ಕೆ ಕಾಣಿಸ್ಕೊಳ್ಳೋದು ಅಲ್ಲೇ. ನಮ್ಮ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ತಗೊಂಡ, ಪ್ಯಾರಿಸ್ ಒಲಿಂಪಿಕ್ಸ್ ಆಡಿದ ನಿಶಾಂತ್ ದೇವ್ 2025ರ ಜನವರಿ 25ಕ್ಕೆ ಲಾಸ್ ವೇಗಸ್‌ನಲ್ಲಿ ಪ್ರೊಫೆಷನಲ್ ಆಗಿ ಶುರು ಮಾಡಿದ್ದೂ ಅಂಡರ್‌ಕಾರ್ಡಲ್ಲೇ, ಮೊದಲನೇ ರೌಂಡಿಗೇ ಮುಗಿಸಿದ್ರು.

ಎಚ್‌ಬಿಒ 1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನ ಫೋರ್‌ಮನ್-ಫ್ರೇಸಿಯರಿಂದ ಶುರು ಮಾಡಿ 2018ರ ಡಿಸೆಂಬರಲ್ಲಿ ಬಾಕ್ಸಿಂಗ್ ನಿಲ್ಲಿಸ್ತು, ಷೋಟೈಮ್ 2023ರ ಕೊನೆಗೆ ನಿಲ್ಲಿಸ್ತು. 2024ರ ನವೆಂಬರಲ್ಲಿ ನೆಟ್‌ಫ್ಲಿಕ್ಸ್ ಟೈಸನ್-ಜೇಕ್ ಪಾಲ್ ಫೈಟನ್ನ ಚಂದಾದಾರರಿಗೆ ಬೇರೆ ದುಡ್ಡಿಲ್ಲದೆ ತೋರಿಸ್ತು, ಆರು ಕೋಟಿ ಮನೆಗಳು ನೋಡಿದ್ವು ಅಂತ ಹೇಳ್ಕೊಂಡ್ತು, ಎಷ್ಟೋ ಜನಕ್ಕೆ ಚಿತ್ರ ಸಿಕ್ಕಿಹಾಕ್ಕೊಂಡು ಸುತ್ತುತಾ ನಿಂತಿತ್ತು. ಆ ರಾತ್ರಿ ಮನಸಲ್ಲಿ ಉಳ್ಕೊಂಡ ಫೈಟು ಅದಲ್ಲ, ಅದಕ್ಕೆ ಸ್ವಲ್ಪ ಮುಂಚೆ ನಡೆದ ಮಹಿಳೆಯರ ಫೈಟು, ಕೇಟಿ ಟೇಲರ್-ಅಮಾಂಡಾ ಸೆರಾನೊ. ಮ್ಯೂಟ್ ಮಾಡಿ ಕಾಗದ ಹಿಡ್ಕೊಂಡು ಕೂರೋ ಅಭ್ಯಾಸಕ್ಕೆ ಅದನ್ನೇ ಹಾಕ್ಕೊಳ್ಳಿ, ಹತ್ತು ರೌಂಡು, ಎರಡೆರಡೇ ನಿಮಿಷ, ಪೆನ್ ಕೆಳಗಿಡೋಕೂ ಬಿಡಲ್ಲ.