ಪಟಾಕಿ ಹಬ್ಬ: ನಾಯಿಗೆ ಧೈರ್ಯ ಹೇಳಬೇಡಿ, ಅಡಗಲು ಜಾಗ ಕೊಡಿ

ಬಳ್ಳಾರಿಯಲ್ಲಿ ದೀಪಾವಳಿ ಪಟಾಕಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ, ಎಣ್ಣೆ ನೀರಿನ ಹೊತ್ತಿಗೇ ಓಣಿಯಲ್ಲಿ ಯಾರೋ ಒಬ್ಬರು ಶುರು ಹಚ್ಚಿಕೊಳ್ಳುತ್ತಾರೆ. ಅಮಾವಾಸ್ಯೆ ಸಂಜೆ ಅಂಗಡಿಗಳಲ್ಲಿ ಲಕ್ಷ್ಮಿ ಪೂಜೆ ಮುಗಿಯಿತು ಅಂದರೆ ಬಜಾರಿನ ತುಂಬ ಸರಪಟಾಕಿ. ಪಾಡ್ಯದ ದಿನ ಉಳಿದಿದ್ದನ್ನೆಲ್ಲ ಖಾಲಿ ಮಾಡಬೇಕಲ್ಲ, ಅದು ಬೇರೆ. ಸಾಲದ್ದಕ್ಕೆ ಊರ ನಡುವೆಯೇ ಬೋಳು ಬಂಡೆಗುಡ್ಡಗಳು. ಗುಡ್ಡದ ಬುಡದ ಓಣಿಯಲ್ಲಿ ಒಂದು ಆಟಂಬಾಂಬ್ ಹೊಡೆದರೆ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಎಲ್ಲಿಂದ ಬಂತು ಅಂತ ನಮಗೇ ಗೊತ್ತಾಗಲ್ಲ, ಇನ್ನು ನಾಯಿ ಎತ್ತ ಓಡಬೇಕು?

ಸದ್ದು ಎಷ್ಟು ಕೀರಲು ಅನ್ನುವುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೂ ಕೇಳುತ್ತದೆ. ಸಣ್ಣ ಸದ್ದೂ ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ನಿಯಮದ ಪ್ರಕಾರ, ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ (ಸದ್ದಿನ ಜೋರಿನ ಅಳತೆ) ದಾಟುವ ಪಟಾಕಿಯನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಆದರೆ ಆ ಮಿತಿಯೊಳಗಿನ ಸದ್ದೇ ನಾಯಿಗೆ ಜಾಸ್ತಿ. ಹಸಿರು ಪಟಾಕಿ ತಂದಿದ್ದೇವೆ, ನಾಯಿಗೆ ಏನೂ ಆಗಲ್ಲ ಅನ್ನುವವರಿಗೂ ಒಂದು ಮಾತು: ಹಸಿರು ಪಟಾಕಿಯಲ್ಲಿ ಹೊಗೆ ಕಮ್ಮಿ, ಆದರೆ ಅದೂ ಢಂ ಅಂತಲೇ ಸಿಡಿಯುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. "ಒಂದ್ಸಲ ತೋರಿಸಿದ್ರೆ ರೂಢಿ ಆಗುತ್ತೆ ಬಿಡ್ರೀ" ಅಂತ ನಾಯಿಯನ್ನು ಎಳೆದುಕೊಂಡು ಬಂದು ಪಟಾಕಿ ಮುಂದೆ ನಿಲ್ಲಿಸುವವರಿದ್ದಾರೆ. ರೂಢಿ ಆಗುವುದಿಲ್ಲ. ಹೆದರಿಕೆ ಇನ್ನಷ್ಟು ಬಲಿಯುತ್ತದೆ, ಮುಂದಿನ ವರ್ಷ ಬೆಂಕಿಕಡ್ಡಿ ಗೀರಿದರೂ ನಡುಗುವ ಮಟ್ಟಕ್ಕೆ ಹೋಗುತ್ತದೆ. ಹಬ್ಬದ ದಿನ ನಾಯಿಗೆ ಬೇಕಾಗಿದ್ದು ಧೈರ್ಯ ಅಲ್ಲ, ಬಚ್ಚಿಟ್ಟುಕೊಳ್ಳಲು ಒಂದು ಮೂಲೆ.

ಆ ಮೂಲೆ ಯಾವುದು?

ಮನೆಯ ತೀರಾ ಒಳಗಿನ ಕೋಣೆ ಆರಿಸಿ. ರಸ್ತೆ ಕಡೆ ಕಿಟಕಿ ಇರಬಾರದು. ಕೊಪ್ಪಳ, ರಾಯಚೂರು ಕಡೆಯ ಹಳೇ ಮಾಳಿಗೆ ಮನೆಯವರು (ಮಣ್ಣಿನ ಚಪ್ಪಟೆ ಛಾವಣಿಯ ಮನೆ) ಪುಣ್ಯವಂತರು, ಆ ದಪ್ಪ ಮಣ್ಣಿನ ಗೋಡೆ ಅರ್ಧ ಸದ್ದನ್ನು ಹೊರಗೇ ತಡೆಯುತ್ತದೆ. ಆದರೆ ಮಾಳಿಗೆಯ ಬೆಳಕಿಂಡಿ ಮುಚ್ಚಲು ಮರೆಯಬೇಡಿ, ಸದ್ದು, ಬೆಳಕು, ಒಮ್ಮೊಮ್ಮೆ ರಾಕೆಟ್ಟೂ ಅಲ್ಲಿಂದಲೇ ಇಳಿಯುತ್ತದೆ. ಹೊಸ ಆರ್‌ಸಿಸಿ ಮನೆಯಾದರೆ ಕಿಟಕಿ ಮುಚ್ಚಿ ಅದರ ಮೇಲೆ ದಪ್ಪ ಚಾದರ ಇಳಿಬಿಡಿ. ಮಂಚದ ಕೆಳಗೆ ಅಥವಾ ಟೇಬಲ್ ಕೆಳಗೆ ಅದರ ಹಳೇ ಹಾಸಿಗೆ ಹಾಕಿ, ನೀವು ಉಟ್ಟು ಬಿಟ್ಟ ಸೀರೆಯೋ ಲುಂಗಿಯೋ ಒಂದಿಡಿ, ತೊಳೆಯದೇ ಇರುವುದು. ನಿಮ್ಮ ವಾಸನೆ ಅದಕ್ಕೆ ಬೇಕು. ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಈ ಜಾಗ ಸಿದ್ಧ ಮಾಡಿ ಊಟ ಅಲ್ಲೇ ಹಾಕುತ್ತಾ ಬನ್ನಿ, ಇಲ್ಲವಾದರೆ ಆ ದಿನ ಕೂಡಿ ಹಾಕಿದ ಹಾಗೆ ಆಗುತ್ತದೆ.

ಈಗ ಕೂಲರ್. ಬೇಸಿಗೆ ಮುಗಿದ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿರುತ್ತೀರಿ ಅಲ್ವಾ, ಅದನ್ನು ಹೊರಗೆ ತೆಗೆಯಿರಿ. ನೀರು ಹಾಕಬೇಡಿ, ಪಂಪ್ ಬೇಡ, ಬರೀ ಫ್ಯಾನ್ ಹಚ್ಚಿ ಗಾಳಿಯನ್ನು ಗೋಡೆ ಕಡೆ ತಿರುಗಿಸಿ. ಒಂದೇ ಸಮನೆ ಗುಂಯ್ ಅನ್ನುವ ಆ ಸದ್ದು ಹೊರಗಿನ ಪಟಾಕಿಯನ್ನು ಮಸುಕು ಮಾಡುತ್ತದೆ. ಟಿವಿಯಾದರೂ ನಡೆಯುತ್ತದೆ, ಆದರೆ ಟಿವಿ ಸದ್ದು ಏರಿಳಿಯುತ್ತದೆ, ಕೂಲರ್‌ನದು ಹಾಗಲ್ಲ. ಬಳ್ಳಾರಿ ಬಿಸಿಲು ನಮಗೆ ಕೊಟ್ಟ ಉಪಕಾರ ಇದೊಂದು.

ಔಷಧಿ ವಿಚಾರ

ಕೆಲವು ನಾಯಿಗಳಿಗೆ ಕೋಣೆ, ಕೂಲರ್ ಯಾವುದೂ ಸಾಲದು. ಹೋದ ವರ್ಷ ಗೋಡೆ ಕೆರೆದು ಉಗುರು ಕಿತ್ತುಕೊಂಡಿದ್ದರೆ ಅಥವಾ ಇಡೀ ರಾತ್ರಿ ಜೊಲ್ಲು ಸುರಿಸಿ ನಡುಗಿದ್ದರೆ ಹಬ್ಬಕ್ಕೆ ಕನಿಷ್ಠ ಒಂದು ವಾರ ಮೊದಲು ಪಶುವೈದ್ಯರ ಹತ್ತಿರ ಹೋಗಿ. ಹೆದರಿಕೆ ತಗ್ಗಿಸುವ ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದ ಮಾತ್ರೆಗಳಿವೆ. ತೂಕ, ವಯಸ್ಸು, ಇರುವ ಕಾಯಿಲೆ ನೋಡಿ ಎಷ್ಟು ಕೊಡಬೇಕು ಅಂತ ಅವರೇ ಹೇಳಬೇಕು. ಅವರು ಒಪ್ಪಿದರೆ ಸದ್ದಿಲ್ಲದ ಒಂದು ದಿನ ಕೊಟ್ಟು ನೋಡಿ, ಹೇಗೆ ಹಿಡಿಸುತ್ತದೆ ಗೊತ್ತಾಗುತ್ತದೆ. ಮಾತ್ರೆ ಪಟಾಕಿ ಶುರುವಾಗುವ ಮುಂಚೆಯೇ ಹೊಟ್ಟೆ ಸೇರಬೇಕು, ನಡುಗಲು ಶುರು ಮಾಡಿದ ಮೇಲೆ ಕೊಟ್ಟರೆ ಅರ್ಧಂಬರ್ಧ. ಏಸ್‌ಪ್ರೊಮಜಿನ್ ಒಂದನ್ನೇ ಬರೆದುಕೊಟ್ಟರೆ ಬೇರೆ ಏನಾದರೂ ಇದೆಯೇ ಅಂತ ಕೇಳಿ, ಯಾಕೆಂದರೆ ಅದರಿಂದ ಮೈ ಸುಮ್ಮನಾಗುತ್ತದೆಯೇ ಹೊರತು ಒಳಗಿನ ಹೆದರಿಕೆ ಹೋಗುವುದಿಲ್ಲ. ಮನೆಯಲ್ಲಿ ಅಜ್ಜನಿಗೆ ಅಂತ ತಂದ ನಿದ್ದೆ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ.

ಹಬ್ಬದ ರಾತ್ರಿ ಯಾವ ಡಾಕ್ಟರ್ ಸಿಗುತ್ತಾರೆ ಅಂತ ಇದೇ ಭೇಟಿಯಲ್ಲಿ ಕೇಳಿ ನಂಬರ್ ಗೋಡೆಗೆ ಅಂಟಿಸಿ. ಸರ್ಕಾರದ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962.

ಅಮಾವಾಸ್ಯೆ ದಿನ

ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸಮಯ ಗೊತ್ತು ಮಾಡಿತು. ಮಕ್ಕಳ ಕೈಗೆ ಪಟಾಕಿ ಸಿಕ್ಕ ಮೇಲೆ ಗಡಿಯಾರ ಯಾರು ನೋಡುತ್ತಾರೆ? ಹಾಗಾಗಿ ವಾಕಿಂಗ್ ನಾಲ್ಕು ಗಂಟೆಗೇ ಮುಗಿಸಿ. ಚೆನ್ನಾಗಿ ಓಡಾಡಿಸಿ, ಒಂದು ಎರಡು ಎಲ್ಲ ಆಗಲಿ. ಹಗ್ಗ ಗಟ್ಟಿ ಇರಲಿ. ಕೊರಳಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಇದ್ದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಹೋಗುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಇನ್ನೂ ಒಳ್ಳೆಯದು. ಪಟ್ಟಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ, ಐದು ನಿಮಿಷದ ಕೆಲಸ. ಆರು ಗಂಟೆಯೊಳಗೆ ಊಟ ಹಾಕಿ. ಹೆದರಿದ ಮೇಲೆ ತಿನ್ನುವುದಿಲ್ಲ.

ನಾಯಿ ಕಳೆದುಹೋಗುವುದು ಹೆಚ್ಚಾಗಿ ಬಾಗಿಲಿನಿಂದ. ಲಕ್ಷ್ಮಿ ಬರಲಿ ಅಂತ ಅಮಾವಾಸ್ಯೆ ಸಂಜೆ ತಲೆಬಾಗಿಲು ತೆರೆದಿಡುವುದು ನಮ್ಮಲ್ಲಿ ಪದ್ಧತಿ. ಬಾಗಿಲು ಮುಚ್ಚಿ ಅಂದರೆ ಮನೆಯ ಹಿರಿಯರು ಬೈಯುತ್ತಾರೆ, ಅವರ ಜೊತೆ ವಾದ ಬೇಡ. ತಲೆಬಾಗಿಲು ತೆರೆದೇ ಇರಲಿ, ನಾಯಿ ಇರುವ ಕೋಣೆಯ ಚಿಲಕ ಹಾಕಿ, ಬಾಗಿಲ ಮೇಲೆ "ನಾಯಿ ಇದೆ, ತೆರೆಯಬೇಡಿ" ಅಂತ ಚೀಟಿ ಹಚ್ಚಿ. ಇಲ್ಲವಾದರೆ ತಟ್ಟೆ ತೆಗೆದುಕೊಂಡು ಬರುವ ಪಕ್ಕದ ಮನೆಯ ಮಗು ಪಾತ್ರೆ ಇಡಲು ಅದೇ ಬಾಗಿಲು ತೆರೆಯುತ್ತದೆ. ಮಾಳಿಗೆ ಮೇಲೆ ಕಟ್ಟಿ ಹಾಕುವುದಂತೂ ಬೇಡವೇ ಬೇಡ, ಗಾಬರಿಯಲ್ಲಿ ಕೆಳಗೆ ಹಾರಿ ಹಗ್ಗಕ್ಕೆ ನೇತುಬೀಳಬಹುದು.

ಸದ್ದು ಜೋರಾದಾಗ ಮನೆಯವರಲ್ಲಿ ಒಬ್ಬರು ಅದರ ಹತ್ತಿರ ಸುಮ್ನೆ ಕೂತಿರಲಿ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅನ್ನುವುದು ಹಳೇ ಮಾತು, ನಂಬಬೇಡಿ. ತಾನಾಗಿ ಬಂದು ಮೈಗೆ ಒರಗಿದರೆ ನಿಧಾನಕ್ಕೆ ಬೆನ್ನು ಸವರಿ. ಬರದಿದ್ದರೆ ಮಂಚದ ಕೆಳಗಿಂದ ಎಳೆಯಬೇಡಿ. ಕಿವಿಗೆ ಹತ್ತಿ ತುರುಕಬೇಡಿ, ಹಳೇ ಓಢಣಿಯನ್ನು ತಲೆ ಮತ್ತು ಕಿವಿ ಮುಚ್ಚುವಂತೆ ಸಡಿಲವಾಗಿ ಸುತ್ತಬಹುದು, ಒಪ್ಪಿಕೊಂಡರೆ ಮಾತ್ರ. ಎಷ್ಟು ಹೆದರಿದೆ ತಿಳಿಯಬೇಕೇ? ಅದಕ್ಕೆ ತೀರಾ ಇಷ್ಟವಾದ ತುಣುಕು, ಬೇಯಿಸಿದ ಮೊಟ್ಟೆಯೋ ಚಿಕನ್ನೋ, ಮೂಗಿನ ಹತ್ತಿರ ಹಿಡಿಯಿರಿ. ತಿಂದರೆ ಸರಿ, ಪ್ರತಿ ಸದ್ದಿಗೂ ಒಂದು ಕೊಡಿ. ಮೂಸಿ ಮುಖ ತಿರುಗಿಸಿತು, ಕಣ್ಣಿನ ಬಿಳಿ ಕಾಣುತ್ತಿದೆ, ಸುಮ್ಮಸುಮ್ಮನೆ ಆಕಳಿಸುತ್ತಿದೆ ಅಂದರೆ ಹೆದರಿಕೆ ಮಿತಿ ದಾಟಿದೆ. ಆಗ ಏನೂ ಮಾಡಿಸಬೇಡಿ, ದೀಪ ಸಣ್ಣದು ಮಾಡಿ ಜೊತೆಗಿರಿ.

ಹಬ್ಬದ ಅಡುಗೆ ಬಗ್ಗೆ ಒಂದೇ ಮಾತು: ದ್ರಾಕ್ಷಿ ಹಾಕಿದ ಸಿಹಿ, ಚಾಕೊಲೇಟ್, ಈರುಳ್ಳಿ ಹಾಕಿದ್ದು ನಾಯಿಗೆ ವಿಷ.

ಬೀದಿ ನಾಯಿಗಳು

ಅವಕ್ಕೆ ಕೋಣೆ ಇಲ್ಲ. ಮೆಟ್ಟಿಲ ಕೆಳಗೋ ಕಾಂಪೌಂಡ್ ಮೂಲೆಯಲ್ಲೋ ಎರಡು ತಟ್ಟು ಹಾಸಿ ಒಂದು ಬೋಗುಣಿ ನೀರಿಟ್ಟರೆ ಸಾಕು. ಸಿರುಗುಪ್ಪ, ಗಂಗಾವತಿ, ಸಿಂಧನೂರಿನಂಥ ರೈಸ್‌ಮಿಲ್ ಊರುಗಳಲ್ಲಿ ಗೋಣಿಚೀಲಕ್ಕೇನು ಬರವೇ? ರಾತ್ರಿ ಗಾಡಿ ತೆಗೆಯುವ ಮುಂಚೆ ಬಗ್ಗಿ ಕೆಳಗೆ ನೋಡಿ, ಬಾನೆಟ್ ಮೇಲೆ ತಟ್ಟಿ. ಬಾಲಕ್ಕೆ ಸರಪಟಾಕಿ ಕಟ್ಟುವ ಹುಡುಗರನ್ನು ಕಂಡರೆ ತಡೆಯಿರಿ, ಅವರಿಗೆ ಅದು ತಮಾಷೆ ಅನ್ನಿಸಿದರೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಸುಟ್ಟ ಗಾಯಕ್ಕೆ 10ರಿಂದ 20 ನಿಮಿಷ ತಣ್ಣೀರು ಮೆಲ್ಲಗೆ ಸುರಿಯಿರಿ. ಐಸ್, ಅರಿಶಿನ, ಪೇಸ್ಟ್, ತುಪ್ಪ ಯಾವುದೂ ಬೇಡ. ಆಮೇಲೆ ನೇರ ಆಸ್ಪತ್ರೆ.

ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆಯೇ ನಾಯಿಯನ್ನು ಹೊರಗೆ ಬಿಡಿ. ಅರ್ಧ ಸುಟ್ಟ ಪಟಾಕಿಯಲ್ಲಿ ಬೇರಿಯಂ, ಗಂಧಕದಂಥ ಪದಾರ್ಥಗಳಿರಬಹುದು. ನುಂಗಿದ್ದು ಕಂಡರೆ ವಾಂತಿ ಮಾಡಿಸಲು ಹೋಗದೆ ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ತಪ್ಪಿಸಿಕೊಂಡಿದ್ದರೆ ಮೊದಲು ಸುತ್ತಲಿನ ಓಣಿಗಳನ್ನೇ ನೋಡಿ: ಮೋರಿ ಕೆಳಗೆ, ಕಟ್ಟುತ್ತಿರುವ ಮನೆಯೊಳಗೆ, ನಿಂತ ಲಾರಿ ಕೆಳಗೆ. ಕಂಡ ಕೂಡಲೇ ಓಡಿ ಹಿಡಿಯಲು ಹೋಗಬೇಡಿ, ಕುಕ್ಕರಗಾಲಲ್ಲಿ ಪಕ್ಕಕ್ಕೆ ತಿರುಗಿ ಕೂತು ಮೆಲ್ಲಗೆ ಹೆಸರು ಕರೆಯಿರಿ.

ಧೈರ್ಯ ಕಲಿಸುವ ಕೆಲಸಕ್ಕೆ ಹಬ್ಬ ಮುಗಿದು ಊರು ತಣ್ಣಗಾದ ಮೇಲೆ ಕೈ ಹಾಕಿ. ಫೋನಿನಲ್ಲಿ ಪಟಾಕಿ ಸದ್ದನ್ನು, ನಾಯಿ ಕಿವಿ ಸ್ವಲ್ಪ ನಿಮಿರಿಸುವಷ್ಟೇ ಸಣ್ಣಗೆ ಹಚ್ಚಿ. ಸದ್ದು ಬಂದ ತಕ್ಷಣ ಒಂದು ತುಣುಕು ಮೊಟ್ಟೆ. ದಿನಕ್ಕೆ ಐದು ನಿಮಿಷ ಸಾಕು. ವಾರಗಟ್ಟಲೆ ಹಿಡಿಯುತ್ತದೆ, ಅವಸರ ಬೇಡ. ಬಾಲ ಒಳಗೆ ಸೇರಿಸಿತೋ, ಸದ್ದು ಜಾಸ್ತಿ ಆಯ್ತು ಅಂತ ಅರ್ಥ, ನಾಳೆ ಇನ್ನೂ ಕಮ್ಮಿ ಮಾಡಿ ಮತ್ತೆ ಶುರು ಮಾಡಿ.