ಪಿಕಪ್‌ಗಿಂತ ಮೊದಲು ಷಾಕ್ಸ್ ನೋಡಿದೆ: ಎಲೆಕ್ಟ್ರಿಕ್ ಸೆಡಾನ್ ಕೊಂಡ ಅನುಭವ

2024ರ ಮಾರ್ಚ್‌ನಲ್ಲಿ ಚೀನಾದ ಬಿವೈಡಿ ಕಂಪನಿಯ ಸೀಲ್ ಎಂಬ ಎಲೆಕ್ಟ್ರಿಕ್ ಸೆಡಾನ್ ನಮ್ಮ ದೇಶಕ್ಕೆ ಬಂದಾಗ ಬುಕ್ ಮಾಡಲು ದುಡ್ಡು ಹೊಂದಿಸಿಕೊಂಡು ಕೂತಿದ್ದೆ. ಆದರೆ ಮಾಡಲಿಲ್ಲ. ಹದಿನಾಲ್ಕು ತಿಂಗಳು ಕಾದು, ಅಷ್ಟರಲ್ಲಿ ಬೇರೆ ನಾಲ್ಕು ಗಾಡಿ ಓಡಿಸಿ ನೋಡಿ, ಕೊನೆಗೆ ಅದೇ ಸೀಲ್‌ನ 2025ರ ಪರ್ಫಾರ್ಮೆನ್ಸ್ ಮಾದರಿಯನ್ನು ಮನೆಗೆ ತಂದೆ. ಸುತ್ತಿ ಸುತ್ತಿ ಅದಕ್ಕೇ ಯಾಕೆ ಬಂದೆ ಎಂದು ಸ್ನೇಹಿತರು ಕೇಳುತ್ತಲೇ ಇದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನಗೆ ಗಾಡಿ ಓಡಿಸುವುದೆಂದರೆ ಪ್ರೀತಿ. ಬೆಂಗಳೂರಿನಿಂದ ಪುತ್ತೂರಿಗೆ, ಅಂದರೆ ಹೆಂಡತಿಯ ತವರಿಗೆ, ವರ್ಷಕ್ಕೆ ಆರೇಳು ಸಲ ಹೋಗುತ್ತೇವೆ. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಆ ದಾರಿಯಲ್ಲಿ ಹನ್ನೊಂದು ವರ್ಷ ಡೀಸೆಲ್ ಸೆಡಾನ್ ಓಡಿಸಿದ್ದೇನೆ. ತಿರುವಿನಲ್ಲಿ ಮೈ ಹೊರಳಿಸದೆ ನೆಲ ಹಿಡಿದು ಸಾಗುವ ತಗ್ಗಿನ ಗಾಡಿಯೇ ನನಗೆ ಬೇಕು. ಎತ್ತರದ ಎಸ್‌ಯುವಿಯಲ್ಲಿ ಆ ಸುಖ ಸಿಗುವುದಿಲ್ಲ. ಈಗ ಮಾರುಕಟ್ಟೆ ತುಂಬ ಎಸ್‌ಯುವಿಗಳೇ ಇರುವುದರಿಂದ ನನ್ನ ಪಟ್ಟಿ ಮೊದಲೇ ಚಿಕ್ಕದಿತ್ತು.

ಮೊದಲ ಟೆಸ್ಟ್ ಡ್ರೈವ್ ನೆನಪಿದೆ. ಪರ್ಫಾರ್ಮೆನ್ಸ್ ಮಾದರಿಯಲ್ಲಿ ಮುಂದೊಂದು, ಹಿಂದೊಂದು ಮೋಟಾರು. ಎರಡೂ ಸೇರಿ 530 ಪಿಎಸ್ (ಅಶ್ವಶಕ್ತಿ), 670 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ; ಸೊನ್ನೆಯಿಂದ ಗಂಟೆಗೆ ನೂರು ಕಿ.ಮೀ. ವೇಗಕ್ಕೆ 3.8 ಸೆಕೆಂಡು. ಖಾಲಿ ಇದ್ದ ನೇರ ರಸ್ತೆಯಲ್ಲಿ ಒಮ್ಮೆ ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು, ಎದೆಯೊಳಗೆ ಏನೋ ಜಾರಿದಂತಾಯಿತು. ಅಂಥ ಪಿಕಪ್ ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಷೋರೂಮಿನವರು ಆರಿಸಿದ ದಾರಿ ಎರಡು ಕಿಲೋಮೀಟರ್ ಅಷ್ಟೇ, ಒಂದು ಹಂಪ್ ಕೂಡ ಇಲ್ಲದ್ದು. ಮನೆಗೆ ಬಂದು ನನ್ನ ಹಳೇ ಗಾಡಿಯಲ್ಲಿ ನಮ್ಮ ಲೇಔಟಿನ ರಸ್ತೆ ಹಿಡಿದಾಗ ಎಚ್ಚರವಾಯಿತು. ಮುಖ್ಯರಸ್ತೆ ಸೇರುವ ಮೊದಲು ಏಳು ಹಂಪ್, ಪೈಪಿಗಾಗಿ ಅಗೆದು ಅರ್ಧಂಬರ್ಧ ಮುಚ್ಚಿದ ಎರಡು ಕಡೆ. ನಾನು ದಿನಾ ಓಡಿಸುವುದು ಇದರ ಮೇಲೆ. 3.8 ಸೆಕೆಂಡಿನ ಆ ಸುಖ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಯಾವ ಗಾಡಿಯಾದರೂ ನನ್ನ ಮನೆ ದಾರಿಯ ಏಳು ಹಂಪ್ ದಾಟಬೇಕು, ಅದೂ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿರುವಾಗ. ಷೋರೂಮಿನವರಲ್ಲಿ ಹೆಚ್ಚಿನವರು ಒಪ್ಪಿದರು. ಒಪ್ಪದ ಒಂದು ಕಡೆ ನಾನು ಮುಂದುವರಿಯಲಿಲ್ಲ.

ಇಲ್ಲಿ ಷಾಕ್ಸ್, ಅಂದರೆ ಚಕ್ರದ ಕುಲುಕಾಟ ತಡೆಯುವ ಷಾಕ್ ಅಬ್ಸಾರ್ಬರ್‌ಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೀಲ್ ಪರ್ಫಾರ್ಮೆನ್ಸ್‌ನ ತೂಕ 2,185 ಕಿಲೋ. ನನ್ನ ಡೀಸೆಲ್ ಗಾಡಿಗಿಂತ ಎಂಟುನೂರು ಕಿಲೋ ಜಾಸ್ತಿ. ನೆಲದಿಂದ ಎತ್ತರ 145 ಮಿ.ಮೀ. ಇಷ್ಟು ಭಾರದ, ಇಷ್ಟು ತಗ್ಗಿನ ಗಾಡಿ ವೇಗದಲ್ಲಿ ತೂಗಾಡದೆ, ತಳ ತಾಗದೆ ಹೋಗಬೇಕಾದರೆ ಸಸ್ಪೆನ್ಷನ್ ಬಿಗಿಯಾಗಿರಬೇಕು. ಹಂಪ್ ಮೇಲೆ ಮೆಲ್ಲಗೆ ಹೋಗುವಾಗ ಅದೇ ಬಿಗಿ ಸೊಂಟಕ್ಕೆ ಬಡಿಯುತ್ತದೆ. ಸಾಮಾನ್ಯ ಷಾಕ್ ಅಬ್ಸಾರ್ಬರ್‌ಗೆ ಇರುವುದು ಒಂದೇ ಹದ. ಹೆದ್ದಾರಿಗೆ ಹದ ಮಾಡಿದರೆ ಗಲ್ಲಿಯಲ್ಲಿ ಕಷ್ಟ, ಗಲ್ಲಿಗೆ ಮಾಡಿದರೆ ಹೆದ್ದಾರಿಯ ಅಲೆಗಳಲ್ಲಿ ದೋಣಿಯಂತೆ ಕುಣಿತ. ಹಾಗಾಗಿ ಭಾರದ, ಬಲವಾದ ಎಲೆಕ್ಟ್ರಿಕ್ ಸೆಡಾನ್ ನಮ್ಮ ರಸ್ತೆಗೆ ಒಗ್ಗಬೇಕಾದರೆ ಹದ ಬದಲಿಸಿಕೊಳ್ಳುವ ಷಾಕ್ಸ್ ಬೇಕೇ ಬೇಕು ಎಂದು ನನಗೆ ಖಚಿತವಾಯಿತು.

ಹಾಗೆಂದು ಕಾಯುತ್ತಾ ಸುಮ್ಮನೆ ಕೂರಲಿಲ್ಲ. ನೇರ ಎದುರಾಳಿ ಅಂದರೆ ಬಿಎಂಡಬ್ಲ್ಯು ಐ4. ನಾನು ಓಡಿಸಿದ್ದು ಅದರ ಇಡ್ರೈವ್40 ಮಾದರಿ: ಹಿಂದಿನ ಚಕ್ರಕ್ಕೆ ಮಾತ್ರ ಮೋಟಾರು, 340 ಎಚ್‌ಪಿ, ನೂರು ಮುಟ್ಟಲು 5.7 ಸೆಕೆಂಡು. ಕಾಗದದ ಮೇಲೆ ಸೀಲ್‌ಗಿಂತ ನಿಧಾನ. ಆದರೆ ಸ್ಟೀರಿಂಗ್ ಹಿಡಿದ ಮೇಲೆ ಆ ಅಂಕಿ ಮರೆತುಹೋಗುತ್ತದೆ. ಮುಂದಿನ ಚಕ್ರ ಏನು ಮಾಡುತ್ತಿದೆ ಎಂದು ಅಂಗೈಗೆ ತಿಳಿಯುತ್ತದೆ. ಈ ಒಂದು ಗುಣದಲ್ಲಿ ಇವತ್ತಿಗೂ ಅದಕ್ಕೇ ನನ್ನ ಮೊದಲ ಅಂಕ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೇಳುವುದರಿಂದ ಡಿಕ್ಕಿಗೆ ದೊಡ್ಡ ಸಾಮಾನು ತುಂಬುವುದೂ ಸುಲಭ. ಆದರೆ ಅದು ಪೆಟ್ರೋಲ್, ಡೀಸೆಲ್ 4 ಸೀರೀಸ್ ಜೊತೆ ಚಾಸಿ ಹಂಚಿಕೊಂಡ ಗಾಡಿ. ಹಿಂದೆ ಕಾಲಿಡುವ ಜಾಗದ ನಡುವೆ ದಿಬ್ಬ ಇದೆ, ಮೂವರು ಕೂರುವ ಮನೆಗೆ ಆಗದು. ಬೆಲೆಯೂ ಆಗ 70 ಲಕ್ಷದ ಮೇಲಿತ್ತು.

ಕಿಯಾ ಇವಿ6, ಹ್ಯುಂಡೈ ಐಯೋನಿಕ್ 5 ಎರಡೂ ಸೆಡಾನ್ ಅಲ್ಲ. ಆದರೂ ಇದೇ ದುಡ್ಡಿನ ಆಸುಪಾಸಿನವು, ನೋಡದೆ ಬಿಡುವುದು ಸರಿಯಲ್ಲ. 2025ರ ಮಾರ್ಚ್‌ನಲ್ಲಿ ಬಂದ ಹೊಸ ಇವಿ6ಕ್ಕೆ 84 ಕಿಲೋವ್ಯಾಟ್ ಅವರ್ (ಅಂದರೆ 84 ಯೂನಿಟ್) ಬ್ಯಾಟರಿ, 325 ಪಿಎಸ್, ನಾಲ್ಕೂ ಚಕ್ರಕ್ಕೆ ಶಕ್ತಿ. ಅದರ ದೊಡ್ಡ ಬಲ 800 ವೋಲ್ಟ್ ವ್ಯವಸ್ಥೆ: ತಕ್ಕ ಚಾರ್ಜರ್ ಸಿಕ್ಕರೆ ಶೇ. 10ರಿಂದ 80ಕ್ಕೆ 18 ನಿಮಿಷ. ಆ ‘ತಕ್ಕ ಚಾರ್ಜರ್’ 350 ಕಿಲೋವ್ಯಾಟ್‌ನದಾಗಿರಬೇಕು. ನನ್ನ ದಾರಿಯಲ್ಲಿ ನಾನು ಕಂಡವು ಹೆಚ್ಚಾಗಿ 30 ಮತ್ತು 60ರವು. ದಾರಿಯಲ್ಲಿ ಇಲ್ಲದ ಸೌಲಭ್ಯಕ್ಕಾಗಿ ಸುಮಾರು 66 ಲಕ್ಷ ಕೊಡಲು ಮನಸ್ಸು ಒಪ್ಪಲಿಲ್ಲ. ಐಯೋನಿಕ್ 5ರಲ್ಲಿ ಅಮ್ಮ ಸಲೀಸಾಗಿ ಹತ್ತಿ ಕೂತರು, ಮನೆಯ ಹಜಾರದಂಥ ಜಾಗ. 217 ಪಿಎಸ್ ಸಾಕು ಅನ್ನುವವರಿಗೆ ಆಗಿನ 46 ಲಕ್ಷಕ್ಕೆ ಅದು ಒಳ್ಳೆಯ ಗಾಡಿಯಾಗಿತ್ತು. ಟೆಸ್ಲಾ ಮಾಡೆಲ್ 3 ಬಗ್ಗೆಯೂ ಕೇಳುತ್ತಾರೆ. ನಾನು ಕೊಂಡಾಗ ಆ ಕಂಪನಿ ಇಲ್ಲಿಗೆ ಬಂದೇ ಇರಲಿಲ್ಲ; 2025ರ ಜುಲೈನಲ್ಲಿ ಬಂದಾಗಲೂ ತಂದದ್ದು ಮಾಡೆಲ್ ವೈ.

ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಹೋಲಿಸುವಾಗ ನಾನು ಮೊದಲು ಎಡವಿದ್ದೆ. ಸೀಲ್ ಪರ್ಫಾರ್ಮೆನ್ಸ್‌ಗೆ ಇಲ್ಲಿ ಹೇಳುವುದು 580 ಕಿ.ಮೀ. ಅದು ಎನ್‌ಇಡಿಸಿ ಎಂಬ ಹಳೆಯ ಪರೀಕ್ಷೆಯದು. ಅದೇ ಗಾಡಿಗೆ ಯುರೋಪಿನ ಡಬ್ಲ್ಯುಎಲ್‌ಟಿಪಿ ಅಳತೆ 520. ಇವಿ6ರ 663 ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಲೆಕ್ಕ. ಮೂರು ಬೇರೆ ಬೇರೆ ಸೇರಿನಲ್ಲಿ ಅಳೆದ ಅಕ್ಕಿಯನ್ನು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎಂದು ನೋಡಿದಂತೆ. ಹಾಗಾಗಿ ಆ ಅಂಕಿಗಳನ್ನೆಲ್ಲ ಬದಿಗಿಟ್ಟು ಬ್ಯಾಟರಿ ಎಷ್ಟು ದೊಡ್ಡದು, ಹೆದ್ದಾರಿಯಲ್ಲಿ ಎಸಿ ಹಾಕಿ ನೂರರ ಆಸುಪಾಸು ಓಡಿಸಿದರೆ ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ತಿನ್ನುತ್ತದೆ, ಎರಡನ್ನೇ ನೋಡಿದೆ. ಸೀಲ್‌ನ 82.56 ಯೂನಿಟ್ ಬ್ಯಾಟರಿಯಲ್ಲಿ ನನ್ನ ಕಾಲಿಗೆ ಬರುವುದು 17ರಿಂದ 18. ಅಂದರೆ 450 ಕಿ.ಮೀ. ಆಸುಪಾಸು. ಪುತ್ತೂರಿಗೆ ನಡುವೆ ಚಾರ್ಜ್ ಮಾಡದೆಯೂ ಮುಟ್ಟಬಹುದು.

ನಿಜವಾದ ಎದುರಾಳಿ ಮಾತ್ರ ಅದೇ ಷೋರೂಮಿನಲ್ಲಿ ಪಕ್ಕದಲ್ಲೇ ನಿಂತಿತ್ತು: ಸೀಲ್ ಪ್ರೀಮಿಯಂ. ಅದೇ ಬ್ಯಾಟರಿ, ಹಿಂದೆ ಒಂದೇ ಮೋಟಾರು, 313 ಪಿಎಸ್, ನೂರಕ್ಕೆ 5.9 ಸೆಕೆಂಡು, ಹೆಚ್ಚು ರೇಂಜ್. 2025ರಲ್ಲಿ ಎಕ್ಸ್‌ಷೋರೂಂ 45.70 ಲಕ್ಷ ಇತ್ತು, ಪರ್ಫಾರ್ಮೆನ್ಸ್ 53.15. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ರಸ್ತೆ ತೆರಿಗೆ ಇರಲಿಲ್ಲ. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ. 10ರಷ್ಟು ಜೀವಾವಧಿ ತೆರಿಗೆ ಬಂತು. ಅದನ್ನೂ ಸೇರಿಸಿದರೆ ಇವೆರಡರ ನಡುವಿನ ಅಂತರ ಎಂಟು ಲಕ್ಷ ದಾಟುತ್ತಿತ್ತು. ಎಂಟು ಲಕ್ಷಕ್ಕೆ ಬರೀ ಎರಡು ಸೆಕೆಂಡು ಕೊಳ್ಳುವುದೇ ಎಂದು ಹೆಂಡತಿ ಕೇಳಿದಳು. 2024ರಲ್ಲಿ ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು 2025ರ ಪರಿಷ್ಕರಣೆಯಲ್ಲಿ. ಹೊರಗಿನಿಂದ ನೋಡಿದರೆ ಅದೇ ಗಾಡಿ; ದೀಪ, ಬಂಪರ್, ಬಾಡಿಯ ಗೆರೆ ಹಾಗೇ ಇದ್ದವು. ‘ಏನೂ ಬದಲಾಗಿಲ್ಲವಲ್ಲ’ ಎಂದು ಸಹೋದ್ಯೋಗಿಯೊಬ್ಬರು ನಿರಾಶರಾದರು. ಬದಲಾಗಿದ್ದು ಒಳಗೆ. ಪರ್ಫಾರ್ಮೆನ್ಸ್‌ಗೆ ಡೈಸಸ್-ಸಿ ಎಂಬ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಬಂತು. ಸೆನ್ಸರುಗಳು ಚಕ್ರ ಮತ್ತು ಬಾಡಿಯ ಚಲನೆ ಗಮನಿಸುತ್ತಾ ಇರುತ್ತವೆ. ಅದಕ್ಕೆ ತಕ್ಕಂತೆ ಷಾಕ್ಸ್ ಒಳಗಿನ ಕವಾಟ ಎಣ್ಣೆಯ ಹರಿವನ್ನು ಹಿಗ್ಗಿಸಿ ಕುಗ್ಗಿಸಿ ಹದ ಬದಲಿಸುತ್ತದೆ. ಪ್ರೀಮಿಯಂಗೆ ಕೊಟ್ಟಿದ್ದು ಯಾಂತ್ರಿಕ ಬಗೆಯದು: ಸಣ್ಣಸಣ್ಣ ವೇಗದ ಅದುರಿಗೆ ಮೆದು, ದೊಡ್ಡ ನಿಧಾನದ ಅಲೆಗೆ ಬಿಗಿ. ಅದೂ ಚೆನ್ನಾಗಿದೆ. ಆದರೆ ನಮ್ಮ ಏಳು ಹಂಪ್ ಮೇಲೆ ಎರಡನ್ನೂ ಒಂದೇ ಮಧ್ಯಾಹ್ನ ಓಡಿಸಿದಾಗ, ಹಂಪ್ ಇಳಿದ ಮೇಲೆ ಬರುವ ಎರಡನೇ ಕುಲುಕಾಟ ಪರ್ಫಾರ್ಮೆನ್ಸ್‌ನಲ್ಲಿ ಇರಲಿಲ್ಲ. ಅಮ್ಮನಿಗೆ ನಾನು ಯಾವ ಗಾಡಿ ಯಾವುದೆಂದು ಹೇಳಿರಲಿಲ್ಲ. ‘ಎರಡನೇದ್ರಲ್ಲಿ ಸೊಂಟ ಉಳೀತು ಕಣೋ’ ಅಂದರು.

ಉಳಿದ ಬದಲಾವಣೆಗಳಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಗಾಜಿನ ಸೂರಿಗೆ ಬಂದ, ವಿದ್ಯುತ್ತಿನಿಂದ ಸರಿಯುವ ಬಿಸಿಲು ಪರದೆ ಮತ್ತು ಎಸಿಯ ದೊಡ್ಡ ಕಂಪ್ರೆಸರ್. ಗಾಜಿನ ಸೂರು ಚಿತ್ರದಲ್ಲಿ ಚೆಂದ; ಏಪ್ರಿಲ್ ಬಿಸಿಲಲ್ಲಿ ಹಾಸನದ ಬಯಲಿನಲ್ಲಿ ಹೋಗುವಾಗ ನೆತ್ತಿ ಸುಡುತ್ತದೆ. ದೀಪ ಮುಂತಾದವಕ್ಕಿರುವ ಸೀಸ-ಆಮ್ಲದ ಚಿಕ್ಕ ಬ್ಯಾಟರಿ ಹೋಗಿ ಹಗುರವಾದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಂದದ್ದೂ ಒಳ್ಳೆಯದೇ. ಫೋನು ವೈರ್ ಇಲ್ಲದೆ ಗಾಡಿಯ ಟಚ್‌ಸ್ಕ್ರೀನಿಗೆ ಜೋಡಣೆಯಾಗುವುದು, ಇತ್ಯಾದಿ, ನನ್ನ ತೀರ್ಮಾನವನ್ನು ಅಲ್ಲಾಡಿಸುವಂಥವಲ್ಲ.

ಅದೇ ಹೊತ್ತಿಗೆ ಒಂದು ಆಮಿಷವೂ ಬಂತು. ಉಳಿದಿದ್ದ 2024ರ ಪರ್ಫಾರ್ಮೆನ್ಸ್ ಒಂದನ್ನು ದೊಡ್ಡ ರಿಯಾಯಿತಿಯಲ್ಲಿ ಕೊಡುತ್ತೇವೆ ಎಂದು ಫೋನು. ಒಂದು ರಾತ್ರಿ ಯೋಚಿಸಿದೆ. ಸಾಫ್ಟ್‌ವೇರ್ ಬದಲಾವಣೆಯಾಗಿದ್ದರೆ ಕಣ್ಣುಮುಚ್ಚಿ ಹಳೆಯದನ್ನು ತರುತ್ತಿದ್ದೆ, ಅದು ನಾಳೆ ಬಂದೀತು. ಷಾಕ್ಸ್, ಕಂಪ್ರೆಸರ್ ಆಮೇಲೆ ಹಾಕಿಸಿಕೊಳ್ಳುವ ವಸ್ತುಗಳಲ್ಲ. ಬೇಡ ಅಂದೆ. ಹೊಸದನ್ನು ತೆಗೆದುಕೊಳ್ಳುವಾಗಲೂ ದುಡ್ಡು ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ ಪಡೆದು, ತಯಾರಾದ ತಿಂಗಳು ಯಾವುದೆಂದು ಗಾಡಿಯ ಮೇಲಿನ ಫಲಕದಲ್ಲಿ ನಾನೇ ಓದಿಕೊಂಡೆ. ಹೊರನೋಟ ಒಂದೇ ಆಗಿರುವಾಗ ಇದನ್ನು ಬಿಡಬಾರದು.

ಮನಸ್ಸಿಗೆ ಪೂರ್ತಿ ಒಗ್ಗದ ಸಂಗತಿಯನ್ನೂ ಹೇಳಬೇಕು. ತಳದಲ್ಲಿ ಬ್ಯಾಟರಿ ಇಟ್ಟು ಮೇಲೆ ತಗ್ಗಾದ ಸೂರು ಇರುವ ಯಾವ ಸೆಡಾನಿನಲ್ಲಾದರೂ ಹಿಂದೆ ಕೂತವರ ಮಂಡಿ ಸ್ವಲ್ಪ ಮೇಲೇಳುತ್ತದೆ, ತೊಡೆಗೆ ಆಸರೆ ಕಡಿಮೆ. ಹತ್ತಿ ಇಳಿಯುವುದೂ ವಯಸ್ಸಾದವರಿಗೆ ಕಷ್ಟ. ಮೊದಲ ದಿನ ಅಮ್ಮ ಅಂದದ್ದು, ‘ಇದೇನೋ, ಬಾವಿಗೆ ಇಳಿದಂಗಾಯ್ತು’. ಈಗ ದೂರದ ಪಯಣದಲ್ಲಿ ಅವರದು ಮುಂದಿನ ಸೀಟು. ಅದನ್ನು ಮೇಲೆತ್ತಿ ಇಟ್ಟಿರುತ್ತೇನೆ. ಹೆಂಡತಿ, ಮಗಳು ಹಿಂದೆ.

ಜುಲೈ ಮಳೆಯಲ್ಲಿ ಮೊದಲ ಸಲ ಶಿರಾಡಿ ಇಳಿದೆವು. ಸಕಲೇಶಪುರದಿಂದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿತ. ಜನ, ಸಾಮಾನು ಸೇರಿ ಎರಡೂವರೆ ಟನ್ನಿನ ಗಾಡಿ ಅಷ್ಟು ಎತ್ತರದಲ್ಲಿ ಹಿಡಿದಿಟ್ಟುಕೊಂಡಿರುವ ಶಕ್ತಿ ಐದೂವರೆ ಯೂನಿಟ್ ಹತ್ತಿರ. ಡೀಸೆಲ್ ಗಾಡಿಯಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತಿತ್ತು, ಕೆಳಗೆ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಇಲ್ಲಿ ಮೋಟಾರೇ ಹಿಡಿದು ನಿಲ್ಲಿಸುತ್ತಾ ಬ್ಯಾಟರಿಗೆ ತುಂಬಿತು. ಕಡಿದಾದ ಭಾಗದಲ್ಲಿ ಶೇಕಡಾ ಅಂಕಿ ಇಳಿಯುವ ಬದಲು ಎರಡು ಏರಿತು. ವಾಪಸು ಹತ್ತುವಾಗ ಒದ್ದೆ ಕಾಂಕ್ರೀಟಿನ ತಿರುವಿನಲ್ಲಿ ಲಾರಿ ದಾಟಿಸಿ ಮುಂದೆ ಹೋಗುವಾಗ ನಾಲ್ಕೂ ಚಕ್ರ ಎಳೆಯುವ ಗಾಡಿಯ ಬೆಲೆ ತಿಳಿಯಿತು. ಹೆಂಡತಿ ಆ ಎಂಟು ಲಕ್ಷದ ಮಾತು ಮತ್ತೆ ಎತ್ತಿಲ್ಲ.

ತೊಂದರೆ ಆದದ್ದು ಪುತ್ತೂರಿನ ಮನೆಯಲ್ಲಿ. ದಾರಿಯ ಚಾರ್ಜರ್ ಒಂದು ಕೆಟ್ಟು ನಿಂತಿತ್ತು, ಶೇ. 30ರಲ್ಲಿ ಮನೆ ಸೇರಿದೆವು. 15 ಆಂಪಿಯರ್ ಸಾಕೆಟ್ಟಿಗೆ ಜೊತೆಗೊಯ್ದ ಚಾರ್ಜರ್ ಚುಚ್ಚಿದರೆ ಕೆಂಪು ದೀಪ: ಅರ್ತಿಂಗ್ ಸರಿಯಿಲ್ಲ. ಅಡಿಕೆ ತೋಟದ ಪಂಪು ಓಡುವಾಗ ವೋಲ್ಟೇಜೂ ಬೀಳುತ್ತಿತ್ತು. ಮರುದಿನ ಊರಿನ ಇಲೆಕ್ಟ್ರಿಷಿಯನ್ ಬಂದು, ಅಂಗಳದ ಬದಿಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಅರ್ತ್ ಪೈಪ್ ಇಳಿಸಿ, ಮೀಟರಿನಿಂದ ದಪ್ಪ ವೈರು ಎಳೆದುಕೊಟ್ಟರು. ಆಗಿನಿಂದ ಪಂಪು ನಿಂತ ಮೇಲೆ ರಾತ್ರಿ ಹತ್ತು ಗಂಟೆ ಚುಚ್ಚಿಟ್ಟರೆ ಮೂವತ್ತು ಯೂನಿಟ್ ತುಂಬುತ್ತದೆ. ಗಾಡಿಯ ದೊಡ್ಡ ಬ್ಯಾಟರಿಯೂ ಎಲ್‌ಎಫ್‌ಪಿ ಆದ್ದರಿಂದ ಪೂರ್ತಿ ನೂರಕ್ಕೆ ತುಂಬಿಸಲೂ ಅಳುಕಿಲ್ಲ.

ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ತಿಂಗ್ ಮತ್ತೆ ಕೈಕೊಡುತ್ತದೆ. ಅದಕ್ಕೆ ನಾವು ಹೊರಡುವ ಹಿಂದಿನ ದಿನ ಮಾವ ಆ ಗುಂಡಿಗೆ ಎರಡು ಕೊಡ ನೀರು ಹೊಯ್ದು ಫೋನು ಮಾಡುತ್ತಾರೆ: ‘ಅರ್ತಿಂಗಿಗೆ ನೀರು ಹಾಕಿ ಆಗಿದೆ, ನೀವು ಹೊರಡಿ ಮಾರಾಯ್ರೇ.’